ಹಾಲಕುನ್ನಿ ಎಂಬ ಅಡ್ಡಹೆಸರು

ಹಾಲು ಇನ್ನೂ ಉಕ್ಕಿರಲಿಲ್ಲ. ರೊಟ್ಟಿ ಬಡಿಯುತ್ತಲೇ ಪಕ್ಕದ ಒಲೆಯ ಮೇಲಿನ ಬೋಗಾಣಿಯತ್ತ ಒಂದು ಕಣ್ಣಿಟ್ಟಿದ್ದೆ. ಮಗಳು ಮಾಲಾ ಹಲ್ಲುಜ್ಜಿ, ಮುಖದ ನೀರನ್ನೂ ಒರೆಸಿಕೊಳ್ಳದೆ, ತನ್ನ ಸ್ಟೀಲಿನ ಲೋಟ ಹಿಡಿದು ಬಂದು ನನ್ನ ಪಕ್ಕ ನಿಂತಿದ್ದಳು.

ನಮ್ಮ ಮನೆಯಲ್ಲಿ ಬೆಳಗಿನ ಹಾಲಿನ ಮೊದಲ ಲೋಟ ಎಲ್ಲರಿಗಿಂತ ಕಿರಿಯರದು. ಅವರು ಕುಡಿದು ಲೋಟ ಕೆಳಗಿಟ್ಟ ಮೇಲೆ ದೇವರ ಮುಂದೆ ಒಂದು ಬಟ್ಟಲು. ಅದಾದ ಮೇಲೆ ದೊಡ್ಡವರ ಚಹಾ. ಮನೆದೇವರು ಬೀರಪ್ಪನಿಗೂ ಇಲ್ಲಿ ಎರಡನೆಯ ಸರದಿ. ಬನಹಟ್ಟಿಯಿಂದ ಈ ಮುಧೋಳದ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ನನಗಿದು ವಿಚಿತ್ರವೆನಿಸಿತ್ತು. ನನ್ನ ತವರಿನಲ್ಲಿ ಮಗ್ಗದ ಪಾಳಿ ಮುಗಿಸಿ ಬಂದ ಅಪ್ಪನ ಚಹಾಕ್ಕಿಂತ ಮೊದಲು ಯಾರೂ ಹಾಲಿನ ಹೆಸರೆತ್ತುವಂತಿರಲಿಲ್ಲ.

ಹೊರಗೆ ಎತ್ತಿನ ಕೊರಳ ಗಂಟೆ ಕೇಳಿಸಿತು. ಅದರ ಹಿಂದೆಯೇ ನನ್ನ ಗಂಡನ ಅಣ್ಣ ಭೀಮಶಿ ಭಾವ ಚಪ್ಪಲಿಯಲ್ಲೇ ಅಡುಗೆಮನೆಗೆ ನುಗ್ಗಿದರು. ಬಾಯಿತುಂಬ ಗುಟಖಾ. ತುಟಿಯ ಮೂಲೆಯಲ್ಲಿ ಕೆಂಪು ನೊರೆ.

"ಅನುರಾಧಾ, ಹೆಳವರ ಯಮನಪ್ಪ ಬಂದಾನ. ಜಮಖಂಡಿ ಬೀಗ್ರು ಇನ್ನೇನ ಬಂದ ಬಿಡ್ತಾರ. ಇದ್ದ ಹಾಲೆಲ್ಲಾ ಚಾಕ ಇಡು."

"ಮಾಲಾ ಇನ್ನೂ ಕುಡದಿಲ್ಲರಿ ಭಾವಾರ. ಆಕೀಗೆ ಒಂದ ಲೋಟ ತಗದಿಟ್ಟು—"

"ಮಂದಿ ಎಷ್ಟದಾರ ನೋಡೀದಿ? ಒಂದಿನ ಕುಡೀಲಿಲ್ಲಂದ್ರ ಸಾಯ್ತಾಳೇನ?"

ಅಷ್ಟಕ್ಕೇ ಬಿಡಲಿಲ್ಲ. ಸಕ್ಕರೆ, ಚಹಾಪುಡಿಯ ಡಬ್ಬಿಗಳನ್ನು ತಾವೇ ಎಳೆದು, ಹಾಲಿನ ಬೋಗಾಣಿಗೆ ಮುಷ್ಟಿಗಟ್ಟಲೆ ಸುರಿದರು. ಬಿಳಿ ಹಾಲು ನನ್ನ ಕಣ್ಣೆದುರೇ ಕಂದುಬಣ್ಣಕ್ಕೆ ತಿರುಗಿತು. ಮಾಲಾ ಖಾಲಿ ಲೋಟವನ್ನು ಬೋರಲು ಹಾಕಿ, ಲಂಗಕ್ಕೆ ಕೈ ಒರೆಸಿಕೊಂಡು, ಪಡಸಾಲೆಯಲ್ಲಿ ಕೂತಿದ್ದ ಅವಳ ಆಯಿ, ನನ್ನ ಅತ್ತೆಯ ಕಡೆಗೆ ಹೋದಳು. ಬೇರೆ ಮನೆಯಲ್ಲಾಗಿದ್ದರೆ 'ಸಾಯ್ತಾಳೇನ' ಎಂಬುದು ಸಿಟ್ಟಿನ ಭರದ ಮಾತು. ಈ ಮನೆಯಲ್ಲಿ ಆ ಮಾತನ್ನು ಆಡಬಾರದು. ಯಾಕೆ ಆಡಬಾರದೆಂಬುದು ಭಾವನಿಗೆ ನನಗಿಂತ ಚೆನ್ನಾಗಿ ಗೊತ್ತು.

ನಮ್ಮ ಅಡ್ಡಹೆಸರು ಹಾಲಕುನ್ನಿ. ಈ ಸೀಮೆಯಲ್ಲಿ ಪಾಟೀಲರು, ಪೂಜಾರಿಗಳು ಓಣಿಗೆ ಹತ್ತು ಮನೆ ಸಿಗುತ್ತಾರೆ. ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಹೆಸರಿನವರೂ ಸಿಗುತ್ತಾರೆ, ಅವಕ್ಕೆ ಯಾರೂ ನಗುವುದಿಲ್ಲ. ಹಾಲಕುನ್ನಿ ಮಾತ್ರ ನಮ್ಮದೊಂದೇ ಮನೆ. ಹಿಂದೆ ಇನ್ನೂ ಕೆಲವು ಮನೆಗಳಿದ್ದವಂತೆ. ರಬಕವಿಗೆ ಹೋದ ಅಣ್ಣತಮ್ಮಂದಿರು ಗುಡಿಯ ಪೂಜೆ ಹಿಡಿದು ಪೂಜಾರಿಗಳಾದರು. ಬೀಳಗಿ ಕಡೆಯವರು, ಊರು ಹಿನ್ನೀರಿನಲ್ಲಿ ಮುಳುಗಿ ಪುನರ್ವಸತಿ ಕೇಂದ್ರಕ್ಕೆ ಬಂದಾಗ, ಮುಳುಗಿದ ಊರಿನ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡರು. ಹೊಸ ಜಾಗದಲ್ಲಿ ಯಾರಿಗೂ ಏನೂ ವಿವರಿಸಬೇಕಾಗುವುದಿಲ್ಲವಲ್ಲ. ಉಳಿದವರು ನಾವು. ಕುನ್ನಿ ಎಂದರೆ ನಾಯಿಮರಿ ಎಂದು ಸಣ್ಣವರಿಗೂ ಗೊತ್ತು. ಸಾಲಿಯಲ್ಲಿ ಹೊಸ ಟೀಚರು ಹಾಜರಿ ಕೂಗುವಾಗ ಮಾಲಾಳ ಪೂರ್ತಿ ಹೆಸರು ಹೇಳಿದರೆ, ಹಿಂದಿನ ಸಾಲಿನ ಹುಡುಗರು "ಹಚ್ಯಾ, ಹಚ್ಯಾ" ಎಂದು ನಾಯಿ ಓಡಿಸುವಂತೆ ಕೂಗುತ್ತಿದ್ದರಂತೆ.

ಒಂದು ಸಂಜೆ ಅಳುತ್ತ ಬಂದವಳನ್ನು ಅತ್ತೆ ಪದ್ಮವ್ವ ಕಾಲ ನಡುವೆ ಕೂರಿಸಿಕೊಂಡು, ತಲೆಯಲ್ಲಿ ಹೇನು ಹೆಕ್ಕುತ್ತ, ನನಗೆ ಬಾಣಂತನದಲ್ಲಿ ಹೇಳಿದ ಕಥೆಯನ್ನೇ ಅವಳಿಗೂ ಹೇಳಿದರು.

ಬಹಳ ಹಿಂದೆ, ಬೀಳಗಿ ಕಡೆ ಹೊಳೆದಂಡೆಯ ಒಂದು ಊರಲ್ಲಿ ದೊಡ್ಡ ವಾಡೆ ಇತ್ತು. ಈಗ ಊರೂ ಇಲ್ಲ, ವಾಡೆಯೂ ಇಲ್ಲ, ಮೇಲೆ ನೀರು ನಿಂತಿದೆ. ನಮ್ಮವರು ಬೇಸಿಗೆಯಲ್ಲಿ ವಾಡೆಯ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ ನಿಲ್ಲಿಸುತ್ತಿದ್ದರು. ಕುರಿಯ ಜೊತೆ ಬಂದವಳು ಕಸ್ತೂರೆವ್ವ, ಆಗಷ್ಟೇ ಹೆತ್ತ ಚೊಚ್ಚಲ ಹೆಣ್ಣುಕೂಸಿನ ತಾಯಿ. ಆ ದಿನಗಳಲ್ಲೇ ವಾಡೆಯ ಒಡೆಯನ ಬೇಟೆನಾಯಿ ಎರಡು ಮರಿ ಹಾಕಿ ಸತ್ತುಹೋಯಿತು. ದೂರದಿಂದ ಮಂದಿ ಬಂದು ನೋಡುವಂಥ ತಳಿ. ಎಮ್ಮೆಯ ಹಾಲು ಕುಡಿಸಿದರೆ ಮರಿಗಳಿಗೆ ಆಗಲಿಲ್ಲ, ಆಡಿನ ಹಾಲೂ ಆಗಲಿಲ್ಲ. ಹೆಂಗಸಿನ ಹಾಲು ನೋಡಿರಿ ಎಂದು ಯಾರೋ ಬಾಯಿ ಹಾಕಿದರು.

"ಕರ್ಕೊಂಡ ಹೋದ್ರು," ಎಂದು ಅತ್ತೆ ಹೇಳಿದ್ದರು. "ವಾಡೇದ ಹಿತ್ತಲದಾಗ ಕುಂಡ್ರಿಸಿ ಒಂದೊಂದ ಮಗ್ಗಲಕ ಒಂದೊಂದ ಮರಿ ಹಚ್ಚಿದ್ರು. ಮೋತಿ ಒಂದರ ಹೆಸರು, ಸರ್ಜಾ ಇನ್ನೊಂದು. ನಾಯಿ ಹಲ್ಲ ನೋಡವ್ವಾ, ಸೂಜಿ ಇದ್ಹಂಗಿರತಾವ. ಕುಪ್ಪಸೆಲ್ಲಾ ರಕ್ತ. ಉಳದದ್ದ ನಿನ್ನ ಕೂಸಿಗೆ ಕುಡಸು ಅಂದ್ರಂತ. ಏನ ಉಳೀತೈತಿ? ಗಂಡ ಅನ್ನಾಂವ ಗ್ವಾಡಿ ಆಚಿ ಕುರಿ ಕಾಯಕೋತ ನಿಂತಿದ್ದ. ಕೂಸಿಗೆ ಅಂಬಲಿ ತಿಳಿ ನೆಕ್ಕಿಸಿದ್ರು. ಮರಿ ಕಣ್ಣ ಬಿಟ್ಟು ಓಡ್ಯಾಡಾಕ ಹತ್ತಿದ್ವು. ಕೂಸು ಹೋತು."

ವಾಡೆಯಿಂದ ಮರಿಗಳಿಗೆ ಬೆಳ್ಳಿಯ ಸರಪಳಿ, ಕಸ್ತೂರೆವ್ವನಿಗೆ ಒಂದು ಸೀರೆ. ಊರವರು ಹಾಲಕುನ್ನಿಯವರು ಎಂದು ಕರೆಯತೊಡಗಿದರು. ಕೆಲವರು ಅಯ್ಯೋ ಎಂದು, ಹೆಚ್ಚಿನವರು ನಕ್ಕು. ಗಂಡ, ಮೈದುನರು ಊರು ಬಿಟ್ಟು ಬೇರೆ ಹೆಸರು ಹಿಡಿಯೋಣ ಎಂದಾಗ ಕಸ್ತೂರೆವ್ವ ಒಪ್ಪಲಿಲ್ಲ. ಊರು ಬಿಡೋಣ, ಹೆಸರು ಬಿಡುವುದಿಲ್ಲ ಎಂದಳು. ಬಿಟ್ಟರೆ ನನ್ನ ಕೂಸು ಸುಮ್ಮನೆ ಸತ್ತಂತಾಗುತ್ತದೆ ಎಂದಳು. ಇನ್ನು ಮುಂದೆ ನನ್ನ ಮನೆಯಲ್ಲಿ ಕಿರಿಯ ಕೂಸು ಕುಡಿಯದೆ ಯಾರ ಬಾಯಿಗೂ ಹಾಲು ಹೋಗಕೂಡದು ಎಂದಳು. ಆಮೇಲೆ ಹುಟ್ಟಿದ ಅವಳ ಮಗನ ಸಂತಾನ ನಾವು. ಹೆಸರನ್ನೂ ಲೋಟವನ್ನೂ ಉಳಿಸಿಕೊಂಡವರು.

ಕಥೆ ಕೇಳಿ ಮಾಲಾ ಅಳು ನಿಲ್ಲಿಸಿದಳು. ಮರುದಿನ ಹುಡುಗರು ಹಚ್ಯಾ ಎಂದರೆ ತಿರುಗಿಯೂ ನೋಡಲಿಲ್ಲವಂತೆ. ಆದರೆ ಅಂದಿನಿಂದ ಅವಳ ಗಂಟಲಲ್ಲಿ ಏನೋ ಸಿಕ್ಕಿಕೊಂಡಿತ್ತು. ಬಟ್ಟೆ ಒಗೆಯುವಾಗ ಬಂದು "ಅವ್ವಾ, ಆ ಕಸ್ತೂರೆವ್ವ..." ಎನ್ನುತ್ತಿದ್ದಳು. "ಏನ ಚಿನ್ನಾ?" ಎಂದರೆ "ಏನಿಲ್ಲ ಬಿಡು" ಎಂದು ಓಡಿಬಿಡುತ್ತಿದ್ದಳು. ಮಕ್ಕಳ ಮಾತು ಹಣ್ಣಾಗುವ ತನಕ ಕಿತ್ತುಕೊಳ್ಳಬಾರದೆಂದು ನಾನೂ ಒತ್ತಾಯಿಸಲಿಲ್ಲ.

ಚಹಾ ಸೋಸಿ ಹೊರಗೆ ಒಯ್ದೆ. ಗಾಳಿ ಸಕ್ಕರೆ ಕಾರ್ಖಾನೆಯ ಕಡೆಯಿಂದ ಬೀಸುತ್ತಿತ್ತು. ಕಬ್ಬು ನುರಿಯುವ ಈ ದಿನಗಳಲ್ಲಿ ಆ ಕೊಳೆತ ಹುಳಿ ವಾಸನೆ ಒಗೆದ ಬಟ್ಟೆಗೂ ಹತ್ತಿಕೊಳ್ಳುತ್ತದೆ. ನನ್ನ ಗಂಡ ಪರಮೇಶ ಅಲ್ಲೇ ಪಾಳಿಯಲ್ಲಿದ್ದರು. ಅವರು ಮನೆಯಲ್ಲಿಲ್ಲದ ಹೊತ್ತನ್ನೇ ನೋಡಿ ಭಾವ ಇದನ್ನೆಲ್ಲ ಇಟ್ಟುಕೊಂಡಿದ್ದರೆಂದು ಆಮೇಲೆ ಹೊಳೆಯಿತು. ಅಂಗಳದಲ್ಲಿ ಝೂಲು ಹೊದಿಸಿದ ಎತ್ತು ನನ್ನ ರಂಗೋಲಿಯ ನಡುವೆ ನಿಂತು ಹಸಿ ಸಗಣಿ ಹಾಕಿತ್ತು. ಸಗಣಿಯ ಮೇಲೆ ಆಗಲೇ ನೊಣ.

ಹೆಳವರೆಂದರೆ ಮನೆತನದ ಕಥೆ ಹೇಳುವವರು. ಕೆಲವು ವರ್ಷಕ್ಕೊಮ್ಮೆ ಸುಗ್ಗಿಯ ಕಾಲಕ್ಕೆ ಬಂದು, ನಾವು ಯಾವ ಊರಿಂದ ಬಂದವರು, ನಮ್ಮ ಬೆಡಗು ಅಂದರೆ ಗೋತ್ರ ಯಾವುದು, ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರು, ಅಡ್ಡಹೆಸರು ಹೇಗೆ ಬಂತು ಎಂಬುದನ್ನೆಲ್ಲ ಬಾಯಿಪಾಠದಿಂದ ಒಪ್ಪಿಸಿ ದಾನ ಪಡೆದು ಹೋಗುತ್ತಾರೆ. ಯಮನಪ್ಪನ ಅಪ್ಪ ಎತ್ತಿನ ಮೇಲೆ ಬರುತ್ತಿದ್ದನಂತೆ. ಯಮನಪ್ಪ ಬರುವುದು ಮೋಟರ್ ಸೈಕಲ್ಲಿನ ಮೇಲೆ. ಈ ಎತ್ತು ಭಾವ ಯಾರದೋ ಮನೆಯಿಂದ ಕೇಳಿ ತರಿಸಿದ್ದು. ಝೂಲು ಇನ್ಯಾರದೋ. ಬೀಗರ ಕಣ್ಣಿಗೆ ಚಂದ ಕಾಣಲೆಂದು.

ಕಟ್ಟೆಯ ಮೇಲೆ ಇಬ್ಬರೂ ತಲೆ ತಾಗಿಸಿ ಕೂತಿದ್ದರು. ನಾನು ಕಪ್ಪು ಇಡುವಾಗಲೂ ಮಾತು ನಿಲ್ಲಿಸಲಿಲ್ಲ. ಮನೆಯ ಹೆಣ್ಣು ಕೇಳಿದರೇನು, ಬಿಟ್ಟರೇನು.

"ರಾಜ ಅನ್ನು. ಯಾವ ರಾಜ ಅಂತ ಹೇಳಬ್ಯಾಡ," ಭಾವ ಹೇಳುತ್ತಿದ್ದರು. "ನಮ್ಮ ಮೂಲಪುರುಷ ಚಿರತಿ ಬಾಯಾಗಿಂದ ರಾಜನ ನಾಯಿಮರಿ ಬಿಡಿಸ್ಕೊಂಡ ಬಂದ. ಕುರಿಹಾಲ ಹಾಕಿ ಸಾಕಿದ. ರಾಜ ಮೆಚ್ಚಿ ಬಿರುದು ಕೊಟ್ಟ. ಆತಿಲ್ಲ?"

ಯಮನಪ್ಪ ಚಹಾವನ್ನು ಬಸಿಗೆ ಸುರಿದು ಸುರ್ ಎಂದು ಹೀರಿದ. "ಚಿರತಿ ಸಣ್ಣದಾತು ಗೌಡ್ರ. ಹುಲಿ ಮಾಡೋಣ."

"ಮಾಡ, ಮಾಡ. ನಿನ್ನ ಬಾಯಿ, ನಿನ್ನ ಹುಲಿ."

"ಮರಿ ಹೆಸರು ಹಂಗ ಇರಲಿ. ಮೋತಿ, ಸರ್ಜಾ. ಹಾಡಾಕ ಛಲೋ ಒದಗತಾವ." ಅವನು ಬಸಿ ಕೆಳಗಿಟ್ಟ. "ಆದ್ರ ಗೌಡ್ರ, ಆ ಹೆಣ್ಣಮಗಳನ್ನ ಏನ ಮಾಡ್ಲಿ?"

"ಯಾ ಹೆಣ್ಣಮಗಳು?"

"ಕಸ್ತೂರೆವ್ವರಿ. ನಮ್ಮಪ್ಪ ಹೇಳತಿದ್ದ, ನಾನೂ ಹೇಳೇನಿ. ನಿಮ್ಮ ಮನಿತನ ಆಕೀ ಮ್ಯಾಲನ ನಿಂತೈತಿ."

"ತಗದ ಬಿಡು."

"ತಗದ ಬಿಡೂದಂದ್ರ?"

"ಇರಲಿಲ್ಲ ಅನ್ನು. ಟಗರ ಕಟ್ಟೇನಿ ನೋಡಲ್ಲೆ, ಎಳೇದೈತಿ, ಕೋಡ ನೋಡು ಹೆಂಗ ತಿರುವ್ಯಾವ."

ಯಮನಪ್ಪ ಬೇವಿನ ಗಿಡಕ್ಕೆ ಕಟ್ಟಿದ್ದ ಟಗರನ್ನು ನೋಡಿದ. ಬಹಳ ಹೊತ್ತು ನೋಡಲಿಲ್ಲ. "ಆತು ಬಿಡ್ರಿ," ಎಂದು ಮೀಸೆಗೆ ಹತ್ತಿದ್ದ ಚಹಾವನ್ನು ಹೆಗಲ ಟವೆಲಿಗೆ ಒರೆಸಿದ.

ಆ ಚಹಾದಲ್ಲಿದ್ದದ್ದು ನನ್ನ ಮಗಳ ಹಾಲು. ಕಪ್ಪುಗಳನ್ನು ತಟ್ಟೆಗೆ ಎತ್ತಿಕೊಳ್ಳುವಾಗ, ಅವರ ತುಟಿ ತಾಗಿದ ಅಂಚು ನನ್ನ ಬೆರಳಿಗೆ ತಾಗಿ ಓಕರಿಕೆ ಬಂತು. ಮೋರಿಯ ಬಳಿ ಕೂತು ಬೂದಿ ಹಚ್ಚಿ ತಿಕ್ಕಿದೆ. ಸೋಪಿಗೆ ಹೋಗುವ ಕೊಳೆಯೆನಿಸಲಿಲ್ಲ ಅದು.

ಒಬ್ಬ ಹೆಳವನ ಸುಳ್ಳಿಗೆ ಇಷ್ಟೊಂದು ಹೇಸಬೇಕೇ ಎಂದು ತಿಳಿಯದವರು ಕೇಳಿಯಾರು. ಅವನ ಬಾಯಿಂದ ಒಮ್ಮೆ ಬಿದ್ದದ್ದು ನಮ್ಮಲ್ಲಿ ಖಾಯಂ. ಅವನು ಅದನ್ನೇ ಮಗನಿಗೆ ಕಲಿಸುತ್ತಾನೆ, ಮಗ ಮೊಮ್ಮಗನಿಗೆ. ಅತ್ತೆ ಎಷ್ಟು ದಿನ ಇರುತ್ತಾರೆ? ಅವರ ನಂತರ ಕಸ್ತೂರೆವ್ವನಿಗೆ ಉಳಿಯುವುದು ನನ್ನ ಬಾಯಿ ಮತ್ತು ಮಾಲಾಳ ಕಿವಿ ಅಷ್ಟೆ. ಹೆಳವನೇ ಹುಲಿ ಎಂದ ಮೇಲೆ ನಾವು ಹೇಳಿದ್ದನ್ನು ಯಾರು ನಂಬುತ್ತಾರೆ?

ಇದಕ್ಕೆ ಒಂದೇ ಒಂದು ತಡೆಯಿತ್ತು. ನಮ್ಮ ಮನೆಯ ಹೆಳವರದು ಹಿಂದಿನಿಂದ ಬಂದ ರೂಢಿ. ಕಥೆ ಮುಗಿದ ಮೇಲೆ ಮನೆಯ ಕಿರಿಯ ಕೂಸು ಒಂದು ಪ್ರಶ್ನೆ ಕೇಳಬೇಕು. ಅದಕ್ಕೆ ಉತ್ತರ ಹೇಳುವ ತನಕ ಹೆಳವ ದಾನ ಮುಟ್ಟುವಂತಿಲ್ಲ. ದಾನ ಮುಟ್ಟುವ ತನಕ ಅವನು ಹೇಳಿದ್ದು ಖಾಯಂ ಆಗುವುದಿಲ್ಲ. ಹಿಂದಿನ ಸಲ ಮಾಲಾಳಿಗೆ ಮಾತು ಬರುತ್ತಿರಲಿಲ್ಲ, ಭಾವನ ಮಗಳು ಪ್ರತಿಮಾ ಕೇಳಿದ್ದಳು. ಈ ಸಲ ಮಾಲಾಳ ಸರದಿ. ಅದಕ್ಕೂ ಭಾವ ಬಂದೋಬಸ್ತು ಮಾಡಿದ್ದರು. ಎರಡು ದಿನದಿಂದ ಚಾಕಲೇಟು ಕೊಟ್ಟು ಅವಳಿಗೆ ಬಾಯಿಪಾಠ ಮಾಡಿಸಿದ್ದರು. "ಅಜ್ಜಾ, ನಮ್ಮ ಬೆಡಗ ಯಾವುದು? ಅಷ್ಟ ಕೇಳಬೇಕು. ಮುಂದ ಪಿಟ್ ಅನಬಾರದು."

ಒಳಕೋಣೆಯಲ್ಲಿ ಪ್ರತಿಮಾ ಇಳಕಲ್ಲ ಸೀರೆ ಉಟ್ಟು ಕನ್ನಡಿಯ ಮುಂದೆ ಕೂತಿದ್ದಳು. ಇಂದು ಬರುತ್ತಿದ್ದವರು ಅವಳ ಲಗ್ನ ಗಟ್ಟಿಯಾಗಲಿದ್ದ ಮನೆಯವರು. ಹುಡುಗ ನವೀನ ಜಮಖಂಡಿಯಲ್ಲಿ ಕಾಲೇಜಿನಲ್ಲಿ ಕಲಿಸುತ್ತಾನೆ. ಎಲ್ಲ ಒಪ್ಪಿಗೆಯಾಗಿತ್ತು. ಅಡ್ಡಹೆಸರು ಕೇಳಿ ಹುಡುಗನ ತಾಯಿ ಫೋನಿನಲ್ಲಿ ನಕ್ಕಿದ್ದೊಂದೇ ಭಾವನ ಎದೆಯಲ್ಲಿ ನಾಟಿತ್ತು. ತಾಯಿಯಿಲ್ಲದ ಈ ಹುಡುಗಿಗೂ ನಾನೇ ಜಡೆ ಹಾಕಿ ಬೆಳೆಸಿದ್ದೇನೆ. ಹೂವು ಮುಡಿಸುವಾಗ ಅವಳು ಕನ್ನಡಿಯಲ್ಲೇ ನನ್ನ ಮುಖ ನೋಡಿದಳು.

"ಚಿಗವ್ವಾ, ಸಿಟ್ಟಾಗೀದಿ ಹೌದಿಲ್ಲೊ?"

"ನಿನ್ನ ಮ್ಯಾಲ ಯಾಕ ಸಿಟ್ಟಾಗ್ಲಿ?"

"ಅಪ್ಪ ಹುಲಿ ಅಂದ್ರ ಹುಲಿ ಅನ್ಲಿ ಬಿಡು. ಕಾಲೇಜಿನ್ಯಾಗ ಐದ ವರ್ಷ ನನ್ನ ನಾಯಿ ಅಂತನ ಕರದ್ರು. ನಂಗ ಸಾಕಾಗೇತಿ."

ಅವಳ ಕೊರಳ ಹಿಂದಿನ ಬೆವರನ್ನು ಸೆರಗಿನಿಂದ ಒರೆಸಿದೆ. ಅವಳ ಮೇಲೆ ಹೇಸಿಗೆ ಬರಲಿಲ್ಲ. ಅದೇ ನನಗೆ ಇನ್ನಷ್ಟು ಕಷ್ಟವಾಯಿತು.

ಬೀಗರು ಬಂದರು. ಹುಡುಗನ ತಂದೆ ಜಕ್ಕಪ್ಪ, ಅವರ ಹೆಂಡತಿ, ನವೀನ. ಕಾಲು ತೊಳೆದು, ಪಡಸಾಲೆಯ ಚಾಪೆಯ ಮೇಲೆ ಕೂತು, ಬೋಗಾಣಿಯಲ್ಲಿ ಉಳಿದಿದ್ದ ಚಹಾ ಕುಡಿದರು. ಜಕ್ಕಪ್ಪ ಬಾಯಿತುಂಬ ಮಾತಾಡುವ ಮನುಷ್ಯ. ಕೆಟ್ಟವರಲ್ಲ.

"ಭೀಮಶೆಪ್ಪಾ, ನಿಮ್ಮ ಅಡ್ಡಹೆಸರ ಮೊಬೈಲದಾಗ ಹುಡಕಿದೆ ನೋಡು. ಜಗತ್ತಿನ್ಯಾಗ ಒಬ್ಬಾಂವಾ ಸಿಗಲಿಲ್ಲ! ನಮ್ಮ ಅಡ್ಡಹೆಸರ ಹಾಕಿದ್ರ ಸಂತೀನ ತೆರೀತೈತಿ."

"ಅಪರೂಪದ್ದರಿ, ಭಾಳ ಅಪರೂಪದ್ದು," ಎಂದು ಭಾವ ಕೈ ಹೊಸೆದರು.

"ಲಗ್ನಾದ ಮ್ಯಾಲ ಮನ್ಯಾಗ ಕಾವಲಕ್ಕ ಬ್ಯಾರೆ ನಾಯಿ ಬ್ಯಾಡ ಹಂಗಾರ," ಎಂದರು ಹುಡುಗನ ತಾಯಿ.

ಭಾವ ನಕ್ಕರು. ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಒಳಗೆ ಮಗಳು ಕೇಳಿಸಿಕೊಳ್ಳುತ್ತಿದ್ದಾಳೆಂದು ಗೊತ್ತಿದ್ದೂ, ಅವಳನ್ನೇ ಕುರಿತ ಮಾತಿಗೆ ಗುಟಖಾದ ಹಲ್ಲು ತೋರಿಸಿ ನಕ್ಕರು. ವಾಡೆಯ ಗೋಡೆಯಾಚೆ ಕುರಿ ಕಾಯುತ್ತ ನಿಂತ ಆ ಗಂಡ ನನಗೆ ನೆನಪಾದ. ಅವನೂ ಒಡೆಯನ ಮುಂದೆ ಹೀಗೆಯೇ ನಕ್ಕಿರಬೇಕು. ಬಾಯಲ್ಲಿ ಉಗುಳು ತುಂಬಿ ಬಂತು. ಅಡುಗೆಮನೆಗೆ ಹೋಗಿ ಉಗುಳಿ ಬಂದೆ.

ಅತ್ತೆ ಪದ್ಮವ್ವ ಬಾಗಿಲ ಪಕ್ಕ ಕಂಬಳಿಯ ಮೇಲೆ ಕೂತಿದ್ದರು. ಬಾಯಿಗೆ ಸೆರಗು. "ನೀ ನಡುವ ಬಾಯಿ ಹಾಕಿದ್ರ, ಪ್ರತಿಮಾನ ಲಗ್ನ ಮುರದ್ರ, ಅದು ನಿನ್ನ ತಲೀ ಮ್ಯಾಲ, ಯವ್ವಾ" ಎಂದು ಭಾವ ಅವರನ್ನು ಮೊದಲೇ ಕಟ್ಟಿಹಾಕಿದ್ದರು. ನನಗೂ ಅದೇ ಹಗ್ಗ. ಮಾತಾಡಿದರೆ ಒಬ್ಬ ಮಗಳು ಹೋಗುತ್ತಾಳೆ, ಸುಮ್ಮನಿದ್ದರೆ ಇನ್ನೊಬ್ಬಳು.

ಅಕ್ಕಿ, ಬೇಳೆ, ತೆಂಗಿನಕಾಯಿಯ ದಾನದ ಮೊರ ಹೊಂದಿಸುವಾಗ ಮಾಲಾ ಅಡುಗೆಮನೆಗೆ ಬಂದಳು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಬಿಸಿ ರೊಟ್ಟಿಯ ತುಂಡು ಕೊಟ್ಟರೆ ಕೈಯಲ್ಲೇ ಹಿಡಿದು ನಿಂತಳು.

"ಅವ್ವಾ, ದೊಡ್ಡಪ್ಪ ಹೇಳಿಕೊಟ್ಟದ್ದನ್ನ ಕೇಳಬೇಕೇನ?"

ಹೇಳಿಕೊಡುವುದು ನನಗೂ ಕಷ್ಟವಿರಲಿಲ್ಲ. ಕಸ್ತೂರೆವ್ವ ಎಲ್ಲಿ ಹೋದಳು ಕೇಳು ಎನ್ನಬಹುದಿತ್ತು. ಆದರೆ ಭಾವ ಚಾಕಲೇಟು ಕೊಟ್ಟು ಅವಳ ಬಾಯಿಗೆ ತಮ್ಮ ಮಾತು ತುರುಕಿದ್ದರು. ನಾನು ರೊಟ್ಟಿ ಕೊಟ್ಟು ನನ್ನದನ್ನು ತುರುಕಿದರೆ ನನಗೂ ಅವರಿಗೂ ಏನು ಫರಕು? ಅವಳ ಮುಂಗೂದಲನ್ನು ಕಿವಿಯ ಹಿಂದೆ ಸರಿಸಿದೆ.

"ಸರತಿ ನಿಂದೈತಿ ಚಿನ್ನಾ. ನಿಂಗ ಏನ ಕೇಳಬೇಕನಸತೈತಿ, ಅದನ್ನ ಕೇಳು."

"ದೊಡ್ಡಪ್ಪ ಬೈದ್ರ?"

"ನಿನ್ನ ಮಗ್ಗಲದಾಗ ನಾ ನಿಂತಿರತೀನಿ."

ಯಮನಪ್ಪ ಅಂಗಳದಲ್ಲಿ ಕಂಬಳಿ ಹಾಸಿ, ಹೆಳವರ ಕ್ರಮದಂತೆ ಒಂದು ಕಾಲು ಮಡಚಿ ಕೂತ. ಎತ್ತಿನ ಕೊರಳ ಗಂಟೆ ಕೈಯಲ್ಲಿ ಹಿಡಿದು ಶುರು ಮಾಡಿದ. ಬೀಗರು ಕಟ್ಟೆಯ ಮೇಲೆ ಕೂತರು.

"ಕೇಳರೆಪ್ಪೋ ಕೇಳರಿ, ಹಾಲಮತದ ಮಕ್ಕಳ್ರಾ ಕೇಳರಿ! ಹಳ್ಳ ದಾಟಿ ಬಂದ ಮನಿತನ, ಹೊಳಿ ದಾಟಿ ಬಂದ ಮನಿತನ, ಹುಲಿಗೆ ಎದಿ ಕೊಟ್ಟ ಮನಿತನ..."

ಅವನ ಗಂಟಲು ಚೆನ್ನಾಗಿತ್ತು. ಅದೇ ಅಸಹ್ಯ. ಸುಳ್ಳು ಹೇಳುವಾಗ ಧ್ವನಿ ಒಂದಿಷ್ಟಾದರೂ ನಡುಗಬೇಕಲ್ಲವೇ? ಕಾಡು ಬಂತು, ಹುಲಿ ಬಂತು, ಕಂಬಳಿ ಸುತ್ತಿದ ತೋಳನ್ನು ಅದರ ಬಾಯಿಗಿಟ್ಟ ಮೂಲಪುರುಷ ಬಂದ. "ಮರಿ ಒಂದರ ಹೆಸರು ಮೋತಿ, ಗಾಳೀಗಿಂತ ಮುಂದ ಓಡೂದು. ಮರಿ ಇನ್ನೊಂದರ ಹೆಸರು ಸರ್ಜಾ, ನೆಳ್ಳಿಗಿಂತ ಸಪ್ಪಳಿಲ್ಲದ್ದು. ಕುರಿಹಾಲ ಎರದ ಸಾಕ್ಯಾನ, ರಾಜನ ಕೈಗೆ ಒಪ್ಪಿಸ್ಯಾನ. ರಾಜ ಏನಂದ? ಹಾಲಕುನ್ನಿ ಅಂದ! ಬಂಗಾರದ ಸರಪಳಿ ತೊಡಿಸಿದ!" ಕಸ್ತೂರೆವ್ವನ ಎದೆಯ ಹಾಲು ಅವನ ಬಾಯಲ್ಲಿ ಕುರಿಯ ಹಾಲಾಯಿತು. ಅವಳ ಒಂದು ಸೀರೆ ಬಂಗಾರದ ಸರಪಳಿಯಾಯಿತು. ಮೂಲಪುರುಷನ ಮಗ, ಅವನ ಮಗ, ಅವನ ಮಗ, ಎಲ್ಲರ ಹೆಸರೂ ಬಂದವು. ಒಬ್ಬ ಹೆಣ್ಣೂ ಇಲ್ಲ. ಗಂಡಸರು ಗಂಡಸರ ಹೊಟ್ಟೆಯಲ್ಲೇ ಹುಟ್ಟಿದ ಹಾಗೆ ಕಥೆ ಸಾಗಿತು.

"ಭಲೆ!" ಎಂದರು ಜಕ್ಕಪ್ಪ. ತಮ್ಮ ಹೆಂಡತಿಯ ಕಡೆ ತಿರುಗಿ, "ನೀ ನಗತಿದ್ದೆಲ್ಲಾ, ಈಗ ಕೇಳಿಸ್ಕೊ. ಇಂಥಾ ಹೆಸರು ಯಾರಿಗೈತಿ?" ಎಂದರು. ಆಕೆ ಸೆರಗು ಸರಿ ಮಾಡಿಕೊಂಡು, ಬಾಗಿಲಲ್ಲಿ ನಿಂತಿದ್ದ ಪ್ರತಿಮಾಳನ್ನು ಮೊದಲ ಸಲ ಅಕ್ಕರೆಯಿಂದ ನೋಡಿದರು. ಪ್ರತಿಮಾ ತಲೆ ತಗ್ಗಿಸಿದಳು. ಅವಳ ಕಿವಿ ಕೆಂಪಾಗಿತ್ತು. ನಾಚಿಕೆಯ ಕೆಂಪಲ್ಲ ಅದು, ನಾನು ಬೆಳೆಸಿದ ಹುಡುಗಿ, ನನಗೆ ಗೊತ್ತು.

ನವೀನ, "ನಾಯಿಮರೀಗಿ ಕುರಿಹಾಲ ಆಗತೈತೇನ್ರಿ?" ಎಂದ. ಬೇರೇನೂ ಉದ್ದೇಶವಿರಲಿಲ್ಲ ಅವನಿಗೆ, ತಿಳಿದುಕೊಳ್ಳಲು ಕೇಳಿದ. ಬಾಗಿಲ ಪಕ್ಕ ಅತ್ತೆಯ ಸೆರಗು ಅಲುಗಿತು.

"ಹಿಂದಕಿನ ಕುರಿ ಬ್ಯಾರೇನ ಇರತಿದ್ವು ಬಿಡಪಾ," ಎಂದು ಭಾವ ಅವಸರವಸರವಾಗಿ ಎದ್ದು, ಟಗರಿನ ಹಗ್ಗ ಬಿಚ್ಚಿ ತಂದರು. "ಯಮನಪ್ಪಾ, ಆತು, ದಾನ ತಗೊ."

ಯಮನಪ್ಪ ಕೈ ಚಾಚಲಿಲ್ಲ. ಎಷ್ಟೆಂದರೂ ಹೆಳವ. "ಕೂಸ ಕೇಳಬೇಕಲ್ರಿ ಗೌಡ್ರ. ಕೇಳಿಸ್ಕೊಳ್ದ ಹೆಂಗ ಮುಟ್ಲಿ?"

"ಹಾಂ ಹಾಂ, ಮರತಿದ್ದೆ. ಏ ಮಾಲಾ, ಬಾ ಇಲ್ಲೆ. ನಮ್ಮ ಸಾಲಿಯಾಗ ಭಾಳ ಶ್ಯಾಣೇಕಿರಿ ಈಕಿ. ಕೇಳವಾ, ಅಜ್ಜಗ ಕೇಳು." ಭಾವ ಅವಳ ಬೆನ್ನ ಮೇಲೆ ಕೈಯಿಟ್ಟು ಮುಂದೆ ನೂಕಿದರು.

ಮಾಲಾ ಸಗಣಿಯನ್ನು ದಾಟಿ, ಅಳಿಸಿದ ರಂಗೋಲಿಯ ಮೇಲೆ ಹೋಗಿ ನಿಂತಳು. ಒಂದು ಕೈಯಲ್ಲಿ ಇನ್ನೂ ಆ ರೊಟ್ಟಿಯ ತುಂಡಿತ್ತು. ನಾನು ಮೊರ ಹಿಡಿದುಕೊಂಡೇ ಅಂಗಳಕ್ಕಿಳಿದು ಅವಳ ಪಕ್ಕ ನಿಂತೆ. ಭಾವ ನನ್ನತ್ತ ನೋಡಿದರು. ನಾನು ಮೊರದಲ್ಲಿದ್ದ ಅಕ್ಕಿಯನ್ನು ನೋಡಿದೆ.

"ಅಜ್ಜಾ," ಎಂದಳು ಮಾಲಾ.

"ಏನವಾ ನನ ಬಂಗಾರಾ, ಕೇಳು."

"ನಮ್ಮ ಬೆಡಗ..." ಎಂದು ಅರ್ಧಕ್ಕೆ ನಿಂತಳು. ಭಾವ ತಲೆಯಾಡಿಸಿ ಪ್ರೋತ್ಸಾಹಿಸಿದರು. ಅವಳು ಅವರನ್ನು ನೋಡಲಿಲ್ಲ. ಬಾಗಿಲ ಪಕ್ಕದ ಆಯಿಯನ್ನು ನೋಡಿದಳು. ಅತ್ತೆ ಬಾಯಿಯ ಮೇಲಿನ ಸೆರಗನ್ನು ನಿಧಾನವಾಗಿ ತೆಗೆದರು. ಮಾಲಾ ಹಾಜರಿ ಹೇಳುವಾಗಿನ ಧ್ವನಿಯಲ್ಲಿ, ಕಟ್ಟೆಯ ಮೇಲಿದ್ದವರಿಗೆಲ್ಲ ಕೇಳುವ ಹಾಗೆ ಕೇಳಿದಳು.

"ಅಜ್ಜಾ, ಕಸ್ತೂರೆವ್ವನ ಹಾಲ ಕುಡದ ನಾಯಿಮರೀದು ಎರಡರದೂ ಹೆಸರ ನಿನಗ ಗೊತ್ತೈತಿ. ಹಾಲ ಸಿಗಲಾರದ ಸತ್ತಿತಲ್ಲ ಆಕೀ ಕೂಸು, ಅದರ ಹೆಸರೇನಿತ್ತು?"